ದ್ವಿತೀಯ ಪಿಯುಸಿ ಪೋಷಕರಿಗೆ: ಶನಿವಾರದ ಉಪನ್ಯಾಸದ ವಿಚಾರವಾಗಿ

ಮಾನ್ಯ ಪೋಷಕರೇ,

ನಮಸ್ಕಾರ. ಕಳೆದ ಶನಿವಾರ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು, ತಾನು ದೆಹಲಿಯಲ್ಲಿ ಓದುತ್ತಿರುವ ಅಂತರರಾಷ್ಟ್ರೀಯ ವ್ಯವಹಾರಗಳ, ಅಂದರೆ ದೇಶ ದೇಶಗಳ ನಡುವಿನ ಸಂಬಂಧಗಳ, ಪದವಿಯ ಬಗ್ಗೆ ಮಕ್ಕಳೊಂದಿಗೆ ಒಂದು ಗಂಟೆ ಮಾತನಾಡಿದಳು. ಸೋಮವಾರ ಬೆಳಿಗ್ಗೆ ಏಳು ಮಂದಿ ಪೋಷಕರು ನನ್ನ ಕೊಠಡಿಗೆ ಬಂದಿದ್ದರು. ‘ನೀಟ್‌ಗೆ ಓದುವ ಮಕ್ಕಳ ತಲೆ ಕೆಡಿಸುತ್ತಿದ್ದೀರಿ’ ಎಂದು ಒಬ್ಬರು ನೇರವಾಗಿಯೇ ಹೇಳಿದರು. ಅವರ ಆತಂಕ ನನಗೆ ಅರ್ಥವಾಗುತ್ತದೆ, ಆ ಮಾತನ್ನು ಮಾತ್ರ ಒಪ್ಪಲಾರೆ. ವಿಜ್ಞಾನದ ಒಂದು ಪಾಠವನ್ನೂ ನಾವು ಕಡಿಮೆ ಮಾಡಿಲ್ಲ.

ಅಂದು ನಡೆದದ್ದನ್ನು ಹೇಳುತ್ತೇನೆ. ಆಳಂದ ಕಡೆಯ ಹುಡುಗನೊಬ್ಬ ಎದ್ದು, ‘ಮನೆಯಲ್ಲಿ ತೊಗರಿ ಚೀಲ ಹಾಗೇ ಬಿದ್ದಿವೆ, ದರ ಏಕೆ ಏರುತ್ತಿಲ್ಲ?’ ಎಂದು ಕೇಳಿದ. ಆಕೆ ಅವನನ್ನು ಗೋಡೆಯ ಭೂಪಟದ ಬಳಿಗೆ ಕರೆದು, ಆಫ್ರಿಕಾದ ಪೂರ್ವ ಕರಾವಳಿಯಲ್ಲಿ ಮೊಜಾಂಬಿಕ್ ಹುಡುಕಿಸಿದಳು. ಬೇಳೆಕಾಳು ತರಿಸಿಕೊಳ್ಳಲು ಭಾರತ ಆ ದೇಶದೊಂದಿಗೆ 2016ರಲ್ಲಿ ಒಪ್ಪಂದ ಮಾಡಿಕೊಂಡು, 2021ರಲ್ಲಿ ಮತ್ತೆ ಐದು ವರ್ಷಕ್ಕೆ ಮುಂದುವರಿಸಿತು. ಮಳೆ, ಇಳುವರಿ, ದಲ್ಲಾಳಿ ಎಲ್ಲವೂ ದರಕ್ಕೆ ಕಾರಣವೇ. ಆದರೆ ನಮ್ಮ ಎಪಿಎಂಸಿಯ ಹರಾಜಿನಲ್ಲಿ ಅಲ್ಲಿಂದ ಬೇಳೆಕಾಳು ತರುವ ಹಡಗಿನ ಪಾಲೂ ಇದೆ. ಗಂಟೆ ಹೊಡೆದರೂ ಹುಡುಗನ ಬೆರಳು ಭೂಪಟದ ಮೇಲೆಯೇ ಇತ್ತು. ಮೂವತ್ತು ವರ್ಷ ಪಾಠ ಮಾಡಿದವರಿಗೆ ಆ ಬೆರಳಿನ ಅರ್ಥ ತಿಳಿಯುತ್ತದೆ.

ನಮ್ಮ ಭಾಗವಿದ್ದ ನಿಜಾಮನ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ನೆನಪಿಗೆ ಪ್ರತಿ ಸೆಪ್ಟೆಂಬರ್ 17ರಂದು ನಾವು ಧ್ವಜ ಹಾರಿಸುತ್ತೇವೆ. 1948ರಲ್ಲಿ ಅದರ ಹಿಂದಿನ ದಿನವಷ್ಟೇ ಹೈದರಾಬಾದ್ ಪ್ರಶ್ನೆ ಪ್ಯಾರಿಸ್‌ನಲ್ಲಿ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಬಂದಿತ್ತು ಎಂಬುದನ್ನು ನಮ್ಮ ಮಕ್ಕಳಲ್ಲಿ ಒಬ್ಬರೂ ಕೇಳಿರಲಿಲ್ಲ. ನನಗೆ ನೋವಾಯಿತು.

‘ಓದಿದರೆ ಕೆಲಸ ಸಿಗುತ್ತದೆಯೇ?’ ಎಂದು ಏಳು ಮಂದಿಯೂ ಕೇಳಿದಿರಿ. ನ್ಯಾಯವಾದ ಪ್ರಶ್ನೆ. ಪದವಿ ಮುಗಿದ ಮರುದಿನವೇ ಕೆಲಸ ಎಂದು ನಾನು ಭರವಸೆ ಕೊಡಲಾರೆ. ಬಹಳಷ್ಟು ಮಂದಿ ಎಂಎ ಮಾಡಬೇಕಾಗುತ್ತದೆ. ವಿದೇಶಾಂಗ ಸೇವೆಗೆ ಯುಪಿಎಸ್‌ಸಿ ಪರೀಕ್ಷೆಯೇ ದಾರಿ, ಅದಕ್ಕೆ ಯಾವ ಪದವಿಯಾದರೂ ನಡೆಯುತ್ತದೆ, ಹುದ್ದೆಗಳು ಬಹಳ ಕಡಿಮೆ. ಆದರೆ ಇತಿಹಾಸ, ಅರ್ಥಶಾಸ್ತ್ರ, ಅಂತರರಾಷ್ಟ್ರೀಯ ಕಾನೂನು, ಜೊತೆಗೊಂದು ವಿದೇಶಿ ಭಾಷೆ ಕಲಿತ ಮಗು ರಫ್ತು ವ್ಯಾಪಾರ, ಪತ್ರಿಕೋದ್ಯಮ, ಸಂಶೋಧನೆ, ಸೇವಾ ಸಂಸ್ಥೆಗಳ ಕಡೆಗೂ ಹೋಗಬಹುದು. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ವರ್ಷಕ್ಕೆ ಲಕ್ಷಗಳಲ್ಲಿದೆ. ಅದಕ್ಕಾಗಿ ಹೊಲ ಮಾರಬೇಡಿ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬಹುದು. ಬಿಎ ರಾಜ್ಯಶಾಸ್ತ್ರದಲ್ಲಿಯೂ ಈ ವಿಷಯದ ದೊಡ್ಡ ಭಾಗ ಬರುತ್ತದೆ.

ಮತ್ತೊಮ್ಮೆ ಹೇಳುತ್ತೇನೆ, ವೈದ್ಯಕೀಯ ಬಿಡಿ ಎಂದು ನಾವು ಯಾವ ಮಗುವಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ಡಾಕ್ಟರ್ ಆಗಬೇಕೆಂಬ ಮಗು ಡಾಕ್ಟರ್ ಆಗಲಿ, ಅದಕ್ಕಾಗಿ ನಮ್ಮ ಉಪನ್ಯಾಸಕರು ಸಂಜೆಯವರೆಗೆ ನಿಂತು ಕಲಿಸುತ್ತಿದ್ದಾರೆ. ಮೂವರು ಮಕ್ಕಳು ಮಾತ್ರ ಈ ವಿಷಯ ಓದುತ್ತೇವೆ ಎಂದು ಮನೆಯಲ್ಲಿ ಬಾಯಿ ಬಿಟ್ಟಿದ್ದಾರೆ. ಅವರಲ್ಲಿ ಒಬ್ಬಳು ಎರಡು ದಿನ ಊಟ ಬಿಟ್ಟಿದ್ದಳೆಂದು ತಿಳಿಯಿತು. ಅವಳನ್ನು ಬೈಯಬೇಡಿ. ನಿಮ್ಮ ಮಗಳು ತಪ್ಪು ಮಾಡಿಲ್ಲ, ಒಂದು ಆಸೆ ಹೇಳಿಕೊಂಡಿದ್ದಾಳೆ. ತೀರ್ಮಾನ ನಿಮ್ಮದೇ, ಅದರಲ್ಲಿ ಕಾಲೇಜು ಕೈ ಹಾಕುವುದಿಲ್ಲ. ಶನಿವಾರದ ಉಪನ್ಯಾಸಗಳು ಮಾತ್ರ ಮುಂದುವರಿಯುತ್ತವೆ.

ಬರುವ ಭಾನುವಾರ ಬೆಳಿಗ್ಗೆ 11 ಗಂಟೆಗೆ ಮಗುವನ್ನು ಕರೆದುಕೊಂಡು ಕಾಲೇಜಿಗೆ ಬನ್ನಿ.

ತಮ್ಮ ವಿಶ್ವಾಸಿ,
ಪ್ರಾಂಶುಪಾಲರು
ಕಲಬುರಗಿ