ವಿಪತ್ತು ಯೋಜನೆಗೆ ಬಜೆಟ್‌ನಲ್ಲಿ ಸಾಲು ಎಲ್ಲಿದೆ?

ಮಾನ್ಯ ಸಂಪಾದಕರೇ,

ನೆರೆ, ಭೂಕಂಪ, ಬಿರುಗಾಳಿಗಳ ಹೊಡೆತ ತಗ್ಗಿಸಲೆಂದು ನಗರಗಳು ಯೋಜನೆ ಬರೆಸುತ್ತವೆ. ದಪ್ಪ ಪುಸ್ತಕ, ಬಣ್ಣದ ನಕ್ಷೆ, ಸಭೆಯಲ್ಲಿ ಒಮ್ಮತದ ಅಂಗೀಕಾರ. ಬರೆಸುವುದಕ್ಕೆ ಹೇಗೋ ಹಣ ಹುಟ್ಟುತ್ತದೆ. ಬರೆದದ್ದನ್ನು ವರ್ಷವರ್ಷ ನೋಡಿಕೊಳ್ಳುವುದಕ್ಕೆ ಮಾತ್ರ ಬಜೆಟ್‌ನಲ್ಲಿ ಒಂದು ಸಾಲೂ ಇರುವುದಿಲ್ಲ.

ಯೋಜನೆ ಎಷ್ಟು ಬೇಗ ಹಳತಾಗುತ್ತದೆ ಎಂಬುದಕ್ಕೆ ಒಂದು ಹೆಕ್ಟೇರ್ ಜಾಗದ ಲೆಕ್ಕ ಸಾಕು. ಗಂಟೆಗೆ 50 ಮಿ.ಮೀ. ಮಳೆ ಸುರಿದು, ಅರ್ಧ ನೀರು ಇಂಗಿ ಅರ್ಧ ಹರಿದರೆ ಚರಂಡಿಗೆ ಸೆಕೆಂಡಿಗೆ ಸುಮಾರು 70 ಲೀಟರ್ ಬರುತ್ತದೆ. ಅದೇ ನೆಲಕ್ಕೆ ಕಾಂಕ್ರೀಟು ಬಿದ್ದು ಹರಿಯುವ ಪಾಲು ಶೇ 80ಕ್ಕೇರಿದರೆ ಸುಮಾರು 110 ಲೀಟರ್. ಚರಂಡಿ ಮಾತ್ರ ಹಳೆಯದೇ. ಒಂದು ಮೀಟರ್ ವ್ಯಾಸದ ಕೊಳವೆಯ ತಳದಲ್ಲಿ 25 ಸೆಂ.ಮೀ. ಹೂಳು ಕೂತರೆ ನೀರು ಹಾಯುವ ಜಾಗದಲ್ಲಿ ಐದನೇ ಒಂದು ಪಾಲು ಹೋದಂತೆ. ಐದಾರು ವರ್ಷದ ಹಿಂದಿನ ನಕ್ಷೆಯಲ್ಲಿ ಈ ಎರಡೂ ಕಾಣುವುದಿಲ್ಲ.

ಅಮೆರಿಕದಲ್ಲಿ 2000ದ ವಿಪತ್ತು ಉಪಶಮನ (ಹೊಡೆತವನ್ನು ಮೊದಲೇ ತಗ್ಗಿಸುವ) ಕಾಯ್ದೆಯಡಿಯ ನಿಯಮಗಳು ಇದಕ್ಕೊಂದು ಮೂಗುದಾರ ಹಾಕಿವೆ. ಸ್ಥಳೀಯ ಯೋಜನೆಯನ್ನು ಐದು ವರ್ಷದೊಳಗೆ ಪರಿಷ್ಕರಿಸಿ ಮತ್ತೆ ಅನುಮೋದನೆ ಪಡೆಯದಿದ್ದರೆ ಉಪಶಮನ ಕಾಮಗಾರಿಗೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಅನುದಾನ ಸಿಗುವುದಿಲ್ಲ. ಯಾರು, ಯಾವಾಗ, ಹೇಗೆ ಪರಿಶೀಲಿಸುತ್ತಾರೆ ಎಂಬುದೂ ಯೋಜನೆಯಲ್ಲೇ ಬರೆದಿರಬೇಕು. ಆದರೂ ಎಡವುವವರಿದ್ದಾರೆ. ಸಲಹೆಗಾರರನ್ನು ಗೊತ್ತುಮಾಡುವುದು, ಸಾರ್ವಜನಿಕರ ಸಭೆ, ರಾಜ್ಯದ ಪರಿಶೀಲನೆ, ಫೆಡರಲ್ ಪರಿಶೀಲನೆ, ಕೊನೆಗೆ ನಗರಾಡಳಿತದ ನಿರ್ಣಯ: ಒಂದೂವರೆ ವರ್ಷ ಹಿಡಿಯಬಹುದಾದ ಕೆಲಸವಿದು. ಐದನೇ ವರ್ಷ ಎಚ್ಚೆತ್ತುಕೊಂಡರೆ ಅಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಪರಿಷ್ಕರಣೆಯ ಹಣವನ್ನು ಮೂರನೇ ವರ್ಷದ ಬಜೆಟ್‌ನಲ್ಲೇ ಎತ್ತಿಡಬೇಕು.

ನಡುವಿನ ವರ್ಷಗಳಲ್ಲಿ ಆಗಬೇಕಾದ್ದು ದೊಡ್ಡ ವಿದ್ಯೆಯೇನಲ್ಲ. ಪ್ರತಿ ಕಾಮಗಾರಿಗೂ ಹೊಣೆ ಯಾರದು, ಅಂದಾಜು ಎಷ್ಟು, ಹಣ ಎಲ್ಲಿಂದ, ಎಲ್ಲಿಯವರೆಗೆ ಬಂತು ಎಂದು ಒಂದು ಪಟ್ಟಿ. ಮೂರು ತಿಂಗಳಿಗೊಮ್ಮೆ ಅದನ್ನು ತೆರೆದು ತಿದ್ದುವುದು. ‘ಸಂಬಂಧಪಟ್ಟ ಇಲಾಖೆ’ ಎಂದು ಬರೆದ ಸಾಲಿಗೆ ದಿಕ್ಕಿಲ್ಲ, ಅಲ್ಲಿ ಒಂದು ಹುದ್ದೆಯ ಹೆಸರು ಬೇಕು. ನೆರೆ ಇಳಿದ ಎರಡು ದಿನದೊಳಗೆ ಗೋಡೆಗಳ ಮೇಲಿನ ಕೆಸರಿನ ಗೆರೆಗೆ ಬಣ್ಣದ ಗುರುತು ಹಾಕಿ, ನೆಲದಿಂದ ಎತ್ತರ ಅಳೆದು, ಫೋಟೊ ತೆಗೆದಿಡಬೇಕು. ಮುಂದಿನ ಮಳೆ ಆ ಗೆರೆಯನ್ನು ತೊಳೆದುಬಿಡುತ್ತದೆ. ಅನುದಾನದ ಅರ್ಜಿಯಲ್ಲಿ ಲಾಭ-ವೆಚ್ಚದ ಲೆಕ್ಕ ಕೇಳಿದಾಗ ಕೈಯಲ್ಲಿ ಏನೂ ಇಲ್ಲದೆ ಪೇಚಾಡುವುದು ಅದನ್ನು ಅಳೆದಿಡದ್ದರಿಂದಲೇ.

ಇನ್ನು ಹಣ. ಅಲ್ಲಿನ ಉಪಶಮನ ಅನುದಾನದಲ್ಲಿ ಸಾಮಾನ್ಯವಾಗಿ ಶೇ 75ರವರೆಗೆ ಫೆಡರಲ್ ಪಾಲು, ಉಳಿದ ಶೇ 25 ಸ್ಥಳೀಯರದು. ಸಿಬ್ಬಂದಿಯ ಸಮಯ, ಸಾಮಗ್ರಿಯನ್ನೂ ಈ ಪಾಲಿಗೆ ಹಿಡಿಯಬಹುದು, ಗಂಟೆಗಂಟೆಯ ದಾಖಲೆ ಇದ್ದರೆ. ಅನೇಕರು ಮರೆಯುವುದೆಂದರೆ, ಮೊದಲು ನಗರವೇ ಖರ್ಚು ಮಾಡಬೇಕು, ಬಿಲ್ಲು ಕೊಟ್ಟ ಮೇಲೆ ಮರುಪಾವತಿ. ಕೈಯಲ್ಲಿ ನಗದಿಲ್ಲದ ಸಣ್ಣ ಊರು ಮಂಜೂರಾದ ಹಣವನ್ನೂ ಬಳಸಲಾರದು.

ಅದಕ್ಕಿಂತ ದೊಡ್ಡ ತೊಡಕು, ಕಟ್ಟುವುದಕ್ಕೆ ಬರುವ ಅನುದಾನ ನಿರ್ವಹಣೆಗೆ ಬರುವುದಿಲ್ಲ. ನದಿ ಏರಿದಾಗ ನೀರು ಹಿಂದಕ್ಕೆ ನುಗ್ಗದಂತೆ ಚರಂಡಿಯ ಬಾಯಿಗೆ ಹಾಕುವ ಕಬ್ಬಿಣದ ಮುಚ್ಚಳವನ್ನೇ ನೋಡಿ. ಒಳಗಿನ ನೀರು ತಳ್ಳಿದಾಗ ತೆರೆದುಕೊಂಡು, ಹೊರಗಿನ ನೀರು ಏರಿದಾಗ ತಾನೇ ಮುಚ್ಚಿಕೊಳ್ಳಬೇಕು. ಬಿಜಾಗರಿ ತುಕ್ಕು ಹಿಡಿದರೆ, ಇಲ್ಲವೇ ತೋಳುದಪ್ಪದ ಕೊಂಬೆಯೊಂದು ಸಿಕ್ಕಿಕೊಂಡರೆ ಮುಚ್ಚಳ ಅರೆಬಾಯಿ ತೆರೆದೇ ನಿಲ್ಲುತ್ತದೆ. ನದಿ ಆ ದಾರಿಯಲ್ಲೇ ಬೀದಿಗೆ ಬರುತ್ತದೆ. ನೀರು ಕಡಿಮೆಯಿರುವಾಗ ಕಸ ತೆಗೆದು, ಬಿಜಾಗರಿಗೆ ಗ್ರೀಸ್ ಹಚ್ಚಿ, ರಬ್ಬರ್ ಅಂಚು ಹರಿದಿದೆಯೇ ಎಂದು ನೋಡಿ, ಮುಚ್ಚಳವನ್ನು ಎತ್ತಿಬಿಟ್ಟು ಪರೀಕ್ಷಿಸುವುದು ಅರ್ಧ ದಿನದ ಕೆಲಸ. ಆ ಅರ್ಧ ದಿನದ ಕೂಲಿ ಊರಿನ ಸ್ವಂತ ಬೊಕ್ಕಸದಿಂದಲೇ ಬರಬೇಕು.

ಹಾಗಾಗಿ ಸ್ಥಿರ ಆದಾಯದ ಮೂಲವೊಂದು ಬೇಕು. 1984ರ ಮೇ ತಿಂಗಳ ನೆರೆಯಲ್ಲಿ 14 ಜೀವ ಕಳೆದುಕೊಂಡ ಓಕ್ಲಹೋಮದ ಟಲ್ಸಾ ನಗರ, ಆಮೇಲೆ ಮಳೆನೀರು ನಿರ್ವಹಣೆಗೆಂದೇ ಶುಲ್ಕ ಹಾಕಿತು. ನೀರು ಇಂಗದ ನೆಲ ಹೆಚ್ಚಿದ್ದವರು ಹೆಚ್ಚು ಕಟ್ಟುವ ಇಂಥ ಶುಲ್ಕವೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ನ್ಯಾಯವಾದದ್ದು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಮನೆ ಕೊಂಡವರು ಭೂಕಂಪ ತಡೆಯುವಂತೆ ಅದನ್ನು ಬಲಪಡಿಸಿದರೆ ಆಸ್ತಿ ವರ್ಗಾವಣೆ ತೆರಿಗೆಯ ಮೂರನೇ ಒಂದು ಪಾಲಿನವರೆಗೆ ವಾಪಸು ಕೊಡುವ ಕ್ರಮ ತಂದರು. ಭಾರತದ 15ನೇ ಹಣಕಾಸು ಆಯೋಗ 2021–26ಕ್ಕೆ ರಾಜ್ಯಗಳ ವಿಪತ್ತು ನಿಧಿಯಲ್ಲಿ ಶೇ 20ನ್ನು ಉಪಶಮನಕ್ಕೆ ಬೇರೆಯಾಗಿಟ್ಟಿತು. ಉಳಿದ ಶೇ 80ರಲ್ಲಿ ಹೆಚ್ಚಿನದು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಬಾಬತ್ತು.

ಉಪಶಮನಕ್ಕೆ ಹಾಕಿದ ಒಂದು ಡಾಲರಿಗೆ ಆರು ಡಾಲರ್ ಉಳಿತಾಯ ಎಂಬ ಅಮೆರಿಕದ ಅಧ್ಯಯನದ ಮಾತನ್ನು ಎಲ್ಲರೂ ಹೇಳುತ್ತಾರೆ. ಅದು ಸರಾಸರಿ, ಉಳಿತಾಯ ಹೋಗುವುದೂ ಬಹುಪಾಲು ಮನೆಮಾಲೀಕರ, ವಿಮೆಯವರ ಜೇಬಿಗೆ, ನಗರದ ಖಜಾನೆಗಲ್ಲ. ಲೆಕ್ಕಾಧಿಕಾರಿ ಅದಕ್ಕೆ ಕರಗದಿದ್ದರೆ ಆಶ್ಚರ್ಯವಿಲ್ಲ.

ನಗರ ಬಜೆಟ್ ಮಂಡನೆಯಾದ ದಿನ ತಮ್ಮ ವರದಿಗಾರರು ಇಷ್ಟು ಕೇಳಿದರೆ ಉಪಕಾರ: ಯೋಜನೆಯ ಅವಧಿ ಯಾವ ದಿನ ಮುಗಿಯುತ್ತದೆ, ಅದನ್ನು ನೋಡಿಕೊಳ್ಳುವ ಹುದ್ದೆ ಭರ್ತಿಯಾಗಿದೆಯೇ, ಕಳೆದ ವರ್ಷ ನಿರ್ವಹಣೆಗೆ ಇಟ್ಟ ಹಣದಲ್ಲಿ ಖರ್ಚಾದದ್ದೆಷ್ಟು?