ಚಾಕುವಿನ ಒಡೆಯನನ್ನು ಗುರುತಿಸಿಕೊಟ್ಟ ಹಿರಿಯರಿಗೆ

ಎರಡನೇ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ, ಈಗಿನ ನಾಗಾಲ್ಯಾಂಡಿನ ದಿಮಾಪುರ–ಕೊಹಿಮಾ ರಸ್ತೆಯಲ್ಲಿ ಸೇನೆಯ ಲಾರಿ ನಡೆಸುತ್ತಿದ್ದ ನಮ್ಮ ಅಜ್ಜ ತಂದಿದ್ದ ಮಡಿಸುವ ಚಾಕುವಿನ ಮೇಲಿರುವ ಬಾಣದ ಗುರುತು ಬ್ರಿಟಿಷ್ ಸರ್ಕಾರಿ ಸ್ವತ್ತಿನದೆಂದು ತಿಳಿಸಿಕೊಟ್ಟ, ಹೆಸರು ಹೇಳಲು ಒಪ್ಪದ ಹಿರಿಯರಿಗೆ ನಮ್ಮ ಮನೆಯವರೆಲ್ಲರ ವಂದನೆಗಳು. ಹಿಡಿಯ ಮೇಲೆ ಗೀಚಿದ್ದ ಅಂಕಿಗಳನ್ನು ಅವರು ಭೂತಗನ್ನಡಿಯಲ್ಲಿ ಓದಿ, 1920ರಿಂದ ಬ್ರಿಟಿಷ್ ಸೇನೆಯ ಒಂದೊಂದು ರೆಜಿಮೆಂಟಿನ ಸೈನಿಕರಿಗೂ ಪ್ರತ್ಯೇಕ ಸೇವಾ ಸಂಖ್ಯೆಗಳ ಶ್ರೇಣಿ ಮೀಸಲಾಗಿದ್ದುದರಿಂದ ಅದು ರಾಯಲ್ ವೆಸ್ಟ್ ಕೆಂಟ್ ರೆಜಿಮೆಂಟಿಗೆ ಸೇರಿದವನದೆಂದು ನಿರ್ಣಯಿಸಿ, ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ದಾಖಲೆಯಲ್ಲಿ ಅದೇ ಸಂಖ್ಯೆಯ ಸೈನಿಕ ಕೊಹಿಮಾದಲ್ಲೇ ಮಣ್ಣಾಗಿರುವುದನ್ನು ಕಂಡುಹಿಡಿದರು. ತುಕ್ಕನ್ನು ಉಜ್ಜಿದರೆ ಗುರುತುಗಳೇ ಅಳಿದುಹೋಗುತ್ತವೆಂದು ಅವರು ಮೊದಲೇ ಎಚ್ಚರಿಸಿದ್ದು, ನನ್ನ ದೃಷ್ಟಿಯಲ್ಲಿ, ಎಲ್ಲಕ್ಕಿಂತ ದೊಡ್ಡ ಉಪಕಾರ. ಆ ಸೈನಿಕನ ತಮ್ಮನ ಮಕ್ಕಳ ವಿಳಾಸವನ್ನೂ ಅವರೇ ಹುಡುಕಿಕೊಟ್ಟಿರುವುದರಿಂದ, ಚಾಕುವನ್ನು ಒಪ್ಪಿಸುವ ಬಗ್ಗೆ ಆ ಕುಟುಂಬಕ್ಕೆ ಪತ್ರ ಬರೆದಿದ್ದೇವೆ.