ಆರನೇ ಅಭಿಯೋಜಕರು ಬರುವ ಮುನ್ನ: ಕಾನೂನು ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕಾನೂನು ಸಚಿವರಿಗೆ,

ನಮಸ್ಕಾರಗಳು.

ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. 2017ರ ನವೆಂಬರಿನಲ್ಲಿ ನನ್ನ ತಮ್ಮನ ಕೊಲೆಯಾಯಿತು. ಸುಪಾರಿ ಕೊಟ್ಟು ಮಾಡಿಸಿದ ಕೊಲೆ ಎಂದು ದೋಷಾರೋಪ ಪಟ್ಟಿ ಹೇಳುತ್ತದೆ. ಆರೋಪಿಗಳು ಐವರು. ಪ್ರಕರಣ ಇನ್ನೂ ಸೆಷನ್ಸ್ ಕೋರ್ಟಿನಲ್ಲಿ ಇರುವುದರಿಂದ ಯಾರ ಹೆಸರನ್ನೂ ಬರೆಯುವುದಿಲ್ಲ, ಊರನ್ನೂ ಹೇಳುವುದಿಲ್ಲ. ಯಾರು ತಪ್ಪಿತಸ್ಥರು ಎಂದು ಹೇಳಬೇಕಾದದ್ದು ನ್ಯಾಯಾಧೀಶರು. ನಿಮ್ಮನ್ನು ನಾನು ಕೇಳುವುದು ಒಂದೇ: ಸುಪಾರಿ ಕೊಲೆ ಪ್ರಕರಣಗಳಿಗೆ ಆರೋಪ ಹೊರಿಸಿದ ದಿನದಿಂದ ತೀರ್ಪಿನ ದಿನದವರೆಗೆ ಒಬ್ಬರೇ ಅಭಿಯೋಜಕರನ್ನು, ಅಂದರೆ ಸರ್ಕಾರದ ಪರ ವಾದಿಸುವ ವಕೀಲರನ್ನು ಕೊಡಿ.

ಇಷ್ಟು ವರ್ಷ ಸುಮ್ಮನಿದ್ದವಳು ಈಗ ಬರೆಯುತ್ತಿರುವುದಕ್ಕೆ ಕಾರಣವಿದೆ. ಹೋದ ವಾರ ನಮ್ಮ ಪ್ರಕರಣದ ಐದನೇ ಪಿಪಿ (ಪಬ್ಲಿಕ್ ಪ್ರಾಸಿಕ್ಯೂಟರ್, ಅಂದರೆ ಅಭಿಯೋಜಕರು) ಸಾಹೇಬರಿಗೂ ವರ್ಗವಾಯಿತು. ಸಾಕ್ಷಿ ವಿಚಾರಣೆ ಮುಗಿದಿದೆ, ಆರೋಪಿಗಳ ಹೇಳಿಕೆ ಮುಗಿದಿದೆ, ಇನ್ನು ಅಂತಿಮ ವಾದ ಮಾತ್ರ ಬಾಕಿ. ನಲವತ್ತೊಂದು ಸಾಕ್ಷಿಗಳ ಮಾತನ್ನು ಕೇಳಿಸಿಕೊಂಡವರು ವಾದ ಮಾಡುವುದಿಲ್ಲ. ವಾದ ಮಾಡುವವರು ಒಬ್ಬ ಸಾಕ್ಷಿಯ ಮುಖವನ್ನೂ ನೋಡಿಲ್ಲ.

ಕಳೆದ ತಿಂಗಳು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 313ನೇ ಕಲಂ ಅಡಿಯಲ್ಲಿ ಆರೋಪಿಗಳ ಹೇಳಿಕೆ ದಾಖಲಿಸಿದರು. ಸಾಕ್ಷಿಗಳು ಹೇಳಿದ್ದರ ಬಗ್ಗೆ ನ್ಯಾಯಾಧೀಶರೇ ಆರೋಪಿಯನ್ನು ಪ್ರಶ್ನೆ ಕೇಳುವುದು ಅದು, ನಿಮಗೆ ನಾನು ವಿವರಿಸಬೇಕಿಲ್ಲ. ಮೊದಲನೇ ಆರೋಪಿಗೆ ನೂರ ಅರವತ್ತೆರಡು ಪ್ರಶ್ನೆ. ನಾನು ಹಿಂದಿನ ಬೆಂಚಿನಲ್ಲಿ ಕೂತು ಎಣಿಸಿದೆ. ನೂರ ಐವತ್ತಕ್ಕೂ ಹೆಚ್ಚು ಪ್ರಶ್ನೆಗಳಿಗೆ ಉತ್ತರ ಎರಡೇ ಪದ: "ಸುಳ್ಳು", "ಗೊತ್ತಿಲ್ಲ". ಕೊಲೆಯಾದವನ ಪರಿಚಯ ನಿಮಗಿತ್ತೇ ಎಂಬ ಅರ್ಥದ ಪ್ರಶ್ನೆಗೂ "ಗೊತ್ತಿಲ್ಲ" ಎಂದ. ಆರು ವರ್ಷ ನನ್ನ ತಮ್ಮನ ಜೊತೆ ಪಾಲುದಾರಿಕೆಯಲ್ಲಿ ವ್ಯಾಪಾರ ಮಾಡಿದವನು. ನಮ್ಮ ಮನೆಯಲ್ಲಿ ಉಂಡವನು. ತಮ್ಮನ ಚಟ್ಟಕ್ಕೆ ಹೆಗಲು ಕೊಟ್ಟವನು.

ಅಲ್ಲಗಳೆಯುವುದು ಆರೋಪಿಯ ಹಕ್ಕು, ನನಗೆ ಗೊತ್ತು. ಸಂವಿಧಾನದ 20(3)ನೇ ವಿಧಿಯನ್ನು ಮಕ್ಕಳಿಗೆ ಪಾಠ ಮಾಡುವವಳು ನಾನು. ಯಾರನ್ನೂ ಅವರ ವಿರುದ್ಧವೇ ಸಾಕ್ಷಿ ನುಡಿಯುವಂತೆ ಬಲವಂತ ಮಾಡುವಂತಿಲ್ಲ. ಮಂಪರು ಪರೀಕ್ಷೆ ಮಾಡಿಸಿ, ಎಲ್ಲ ಬಾಯಿ ಬಿಡುತ್ತಾರೆ ಎಂದು ನೆಂಟರು ಹೇಳುತ್ತಲೇ ಇರುತ್ತಾರೆ. ಒಪ್ಪಿಗೆಯಿಲ್ಲದೆ ಅದನ್ನು ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತು, ಅದೂ ನಮ್ಮ ರಾಜ್ಯವೇ ಪ್ರತಿವಾದಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ. ಆ ತೀರ್ಪು ಸರಿ. ಅಲ್ಲಗಳೆಯುವವರಲ್ಲಿ ನಿಜವಾಗಿ ಏನೂ ಮಾಡದವರೂ ಇರುತ್ತಾರೆ. ನನ್ನ ತಮ್ಮನ ಹೆಸರಿನಲ್ಲಿ ನಿರಪರಾಧಿಯೊಬ್ಬ ಜೈಲಿಗೆ ಹೋಗುವುದು ನನಗೆ ಬೇಡ.

ಆದರೆ ವಕೀಲರು ಹೇಳಿಕೊಟ್ಟ "ಗೊತ್ತಿಲ್ಲ" ಒಂದು, ಮನಸ್ಸೇ ತನಗೆ ಹೇಳಿಕೊಂಡು ನಂಬಿಸಿಕೊಂಡ "ಗೊತ್ತಿಲ್ಲ" ಇನ್ನೊಂದು. ಎರಡನೆಯದನ್ನು ನಾನು ಕಂಡಿದ್ದು ಕೋರ್ಟಿನ ವರಾಂಡದಲ್ಲಿ. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ದಯವಿಟ್ಟು ಓದಿ.

2022ರ ಆಗಸ್ಟ್ ಇರಬೇಕು. ಅಮ್ಮನ ಸಾಕ್ಷಿ ಇತ್ತು. ಸಾಕ್ಷಿಗಳಿಗೆ ಬೇರೆ ಕೋಣೆ ಇಲ್ಲ, ಎಲ್ಲರೂ ಅದೇ ವರಾಂಡ, ಅದೇ ಕಲ್ಲು ಬೆಂಚು. ಜಾಮೀನಿನ ಮೇಲಿದ್ದ ಮೊದಲನೇ ಆರೋಪಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ. ನಮ್ಮನ್ನು ನೋಡಿದ. ನೇರ ಬಂದು ಬಗ್ಗಿ ಅಮ್ಮನ ಕಾಲು ಮುಟ್ಟಿದ. "ಅಮ್ಮಾ, ನನ್ನ ಮೇಲೆ ಸುಳ್ಳು ಕೇಸ್ ಹಾಕಿ ನನ್ನ ಬಾಳೇ ಹಾಳು ಮಾಡಿಬಿಟ್ರು. ನೀವು ಆಶೀರ್ವಾದ ಮಾಡ್ಬೇಕು" ಅಂದ. ಅವನ ಕಣ್ಣಲ್ಲಿ ನೀರಿತ್ತು. ನಾಟಕ ಮಾಡುವವರನ್ನು ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ನೋಡಿದ್ದೇನೆ, ಅದು ನಾಟಕವಾಗಿರಲಿಲ್ಲ. ನಿಜವಾಗಿಯೂ ಅಳುತ್ತಿದ್ದ. ಅಮ್ಮನಿಗೆ ಆಗ ಅರವತ್ತೆಂಟು. ಮೊದಲು ಕೈ ಎತ್ತಿಬಿಟ್ಟಿದ್ದರು, ಅಭ್ಯಾಸದಿಂದ. ಆಮೇಲೆ ಆ ಕೈಯನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತೋಚದೆ ಸೆರಗಿನೊಳಗೆ ಮುಚ್ಚಿಕೊಂಡರು. ಪಕ್ಕದಲ್ಲಿದ್ದ ಪೊಲೀಸ್ ಪೇದೆ ನೋಡುತ್ತಿದ್ದರು. ಯಾರೂ ಏನೂ ಹೇಳಲಿಲ್ಲ. ಹತ್ತು ನಿಮಿಷಕ್ಕೆ ಅಮ್ಮನನ್ನು ಕಟಕಟೆಗೆ ಕರೆದರು. ಅಮ್ಮನ ಬಾಯಿಂದ ಮಾತೇ ಬರಲಿಲ್ಲ. ಪಾಟೀ ಸವಾಲಿನಲ್ಲಿ, "ಮೊದಲನೇ ಆರೋಪಿಯ ಬಗ್ಗೆ ನಿಮಗೆ ಈಗಲೂ ಪ್ರೀತಿ ಇದೆ, ಅಲ್ಲವೇ?" ಎಂದು ಅವನ ವಕೀಲರು ಕೇಳಿದರು. ಅಂದಿನ ಪಿಪಿ ನಮ್ಮ ಪ್ರಕರಣಕ್ಕೆ ಬಂದು ಒಂಬತ್ತು ದಿನವಾಗಿತ್ತು. ವರಾಂಡದಲ್ಲಿ ಏನಾಯಿತೆಂದು ಅವರಿಗೆ ಗೊತ್ತಿರಲಿಲ್ಲ. ಅವನು ನಮ್ಮ ಮನೆಯವನಂತೆ ಇದ್ದ ಎಂಬುದೂ ಗೊತ್ತಿರಲಿಲ್ಲ.

ಅವತ್ತಿನಿಂದ ನಾನು ಓದತೊಡಗಿದೆ. ಕೊಲ್ಲಿಸಿದ ಆರೋಪ ಹೊತ್ತವನು ಕೊಲೆಯಾದವನ ತಾಯಿಯ ಆಶೀರ್ವಾದ ಕೇಳುವಾಗ ಅವನ ಮನಸ್ಸು ಎಲ್ಲಿರುತ್ತದೆ ಎಂದು ತಿಳಿಯದಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಗ್ರೆಶಮ್ ಸೈಕ್ಸ್ ಮತ್ತು ಡೇವಿಡ್ ಮಾಟ್ಝಾ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು 1957ರಲ್ಲಿ ಬರೆದದ್ದು ಸಿಕ್ಕಿತು. ತಪ್ಪು ಮಾಡುವವರು ಐದು ಬಗೆಯ ಮಾತಿನಿಂದ ತಮ್ಮ ಮನಸ್ಸಾಕ್ಷಿಯ ಬಾಯಿ ಮುಚ್ಚಿಸುತ್ತಾರೆ ಎನ್ನುತ್ತಾರೆ ಅವರು: ನನ್ನ ಹೊಣೆಯಲ್ಲ, ಯಾರಿಗೂ ಅಂಥ ನಷ್ಟವಾಗಿಲ್ಲ, ಅವನಿಗೆ ಆಗಬೇಕಾದದ್ದೇ ಆಯಿತು, ನನ್ನನ್ನು ದೂರುವವರೇನು ಸಾಚಾಗಳೇ, ನಾನು ನನ್ನವರಿಗಾಗಿ ಮಾಡಿದೆ. ಓದುತ್ತಾ ನನಗೆ ನಮ್ಮ ಪ್ರಕರಣದ ಐವರೂ ಒಬ್ಬೊಬ್ಬರಾಗಿ ಎದುರಿಗೆ ಬಂದು ನಿಂತಂತಾಯಿತು. ರಾಜಿಗೆ ಬಂದಿದ್ದ ಮೊದಲನೇ ಆರೋಪಿಯ ಬಾವ, "ಅವನು ಹೆದರಿಸಿ ಅಂದಿದ್ದಷ್ಟೆ, ಅವರು ಮಿತಿ ಮೀರಿದ್ರು" ಎಂದು ಹೇಳಿ ಹೋಗಿದ್ದರು. ಮಧ್ಯವರ್ತಿ ಎನ್ನಲಾದವನು ಫೋನ್ ನಂಬರ್ ಕೊಟ್ಟಿದ್ದು ಬಿಟ್ಟರೆ ಏನೂ ಮಾಡಿಲ್ಲವಂತೆ. ಇರಿದ ಎಂಬ ಆರೋಪವಿರುವವನು ಒಂದು ದಿನ ನನ್ನ ಯಜಮಾನರ ಮೇಲೇ ರೇಗಿದ: "ನನ್ನ ಮೇಲ್ಯಾಕೆ ಸಿಟ್ಟು ನಿಮಗೆ? ನಿಮ್ಮವರ ಹೆಸರೂ ಗೊತ್ತಿರ್ಲಿಲ್ಲ ನನಗೆ."

ಸುಪಾರಿ ಕೊಲೆಯನ್ನು ಬೇರೆ ಕೊಲೆಗಳಿಂದ ಬೇರೆಯಾಗಿಸುವುದು ಇದೇ, ಸಚಿವರೇ. ಸಿಟ್ಟಿನಲ್ಲಿ ಹೊಡೆದವನ ಕೈಗೆ ರಕ್ತ ಹತ್ತುತ್ತದೆ. ಇಲ್ಲಿ ದ್ವೇಷವಿದ್ದವನು ಜಾಗದಲ್ಲಿ ಇರುವುದಿಲ್ಲ, ಜಾಗದಲ್ಲಿ ಇದ್ದವನಿಗೆ ದ್ವೇಷವಿರುವುದಿಲ್ಲ. ಒಬ್ಬನ ಬಳಿ ಕಾರಣ, ಇನ್ನೊಬ್ಬನ ಬಳಿ ಕೃತ್ಯ. ನಡುವೆ ದುಡ್ಡು ಓಡಾಡುತ್ತದೆ, "ಆ ಕೆಲಸ" ಎಂಬ ಮಾತು ಓಡಾಡುತ್ತದೆ. ನಮ್ಮ ಕಡತದ ನಾನೂರು ಪುಟಗಳಲ್ಲಿ ಆರೋಪಿಗಳು ತಮ್ಮೊಳಗೆ ಆಡಿದರು ಎನ್ನಲಾದ ಮಾತಿನಲ್ಲಿ "ಕೊಲೆ" ಎಂಬ ಪದ ಒಮ್ಮೆಯೂ ಇಲ್ಲ. ಕೆಲಸ ಕೊಟ್ಟರು, ಕೆಲಸ ಮುಗೀತು, ಬಾಕಿ ಕೊಡಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಮಿಲ್ಗ್ರಾಮ್ 1961ರಲ್ಲಿ ಶುರು ಮಾಡಿದ ಪ್ರಯೋಗಗಳ ಬಗ್ಗೆ ನೀವು ಕೇಳಿರಬಹುದು. ಪಕ್ಕದ ಕೋಣೆಯಲ್ಲಿರುವವನಿಗೆ ವಿದ್ಯುತ್ ಆಘಾತ ಕೊಡು ಎಂದು ಆಜ್ಞೆ. ಆಘಾತ ನಿಜವಲ್ಲ, ಆದರೆ ಒತ್ತುವವನಿಗೆ ಅದು ತಿಳಿಯದು. ತಾನೇ ಗುಂಡಿ ಒತ್ತಬೇಕಾದಾಗ 40 ಜನರಲ್ಲಿ 26 ಮಂದಿ ಕೊನೆಯ ಮಟ್ಟದವರೆಗೆ ಹೋದರು. ಆ ಮನುಷ್ಯನ ಕೈಯನ್ನು ಹಿಡಿದು ಆಘಾತ ಕೊಡುವ ತಟ್ಟೆಯ ಮೇಲೆ ಅದುಮಬೇಕಾದಾಗ ಹೋದವರು 12. ಗುಂಡಿಯನ್ನು ಬೇರೆಯವನು ಒತ್ತುತ್ತಾನೆ, ತಾನು ಪಕ್ಕದಲ್ಲಿ ಕೂತು ಮಿಕ್ಕ ಕೆಲಸ ಮಾಡಿದರೆ ಸಾಕು ಎಂದಾಗ 40ರಲ್ಲಿ 37! ಕೈ ದೂರವಾದಷ್ಟೂ ಮನಸ್ಸು ಹಗುರ. ಮೊದಲನೇ ಆರೋಪಿ ಕೊಲೆಯ ರಾತ್ರಿ ಇನ್ನೂರು ಕಿಲೋಮೀಟರ್ ದೂರದ ಮದುವೆ ಮನೆಯಲ್ಲಿದ್ದ. ಅದರ ಫೋಟೋಗಳನ್ನೇ ಅವನ ವಕೀಲರು ಕೋರ್ಟಿಗೆ ಕೊಟ್ಟಿದ್ದಾರೆ. "ನಾನಲ್ಲಿ ಇರಲೇ ಇಲ್ಲ" ಎಂದು ಅವನು ಅಳುವಾಗ, ಅದಷ್ಟೂ ನಿಜವೇ.

ಇಷ್ಟೆಲ್ಲ ಯಾಕೆ ಬರೆದೆ ಅಂದರೆ, ಇಂಥ ನಿರಾಕರಣೆ ಶಾಶ್ವತವಾಗಿ ಗಟ್ಟಿಯಾಗಿರುವುದಿಲ್ಲ. ಅದು ಬಿರುಕು ಬಿಡುತ್ತದೆ. ನಮ್ಮ ಪ್ರಕರಣದಲ್ಲೂ ಒಮ್ಮೆ ಬಿಟ್ಟಿತು.

ನಾಲ್ಕನೇ ಆರೋಪಿ ಕಾರು ಓಡಿಸಿದವನು ಎನ್ನಲಾದ ಹುಡುಗ, ಆಗ ಇಪ್ಪತ್ತಮೂರು ವರ್ಷ. 2019ರಲ್ಲಿ ಜೈಲಿನಿಂದ ಕೋರ್ಟಿಗೆ ಒಂದು ಅರ್ಜಿ ಕಳಿಸಿದ. ಅದರ ಪ್ರತಿ ನಮ್ಮ ವಕೀಲರ ಬಳಿ ಇದೆ. ತನಗೆ ನಿದ್ದೆ ಬರುತ್ತಿಲ್ಲ, ನಡೆದದ್ದೆಲ್ಲ ಹೇಳುತ್ತೇನೆ, ಮಾಫಿ ಸಾಕ್ಷಿ (ಕ್ಷಮೆ ಪಡೆದು ಉಳಿದವರ ವಿರುದ್ಧ ಸಾಕ್ಷಿ ಹೇಳುವ ಆರೋಪಿ) ಮಾಡಿಕೊಳ್ಳಿ ಎಂದು ಮೂರು ಪುಟ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆಯಿಲ್ಲ. ಸುಪಾರಿ ಪ್ರಕರಣದಲ್ಲಿ ಮಾಡಿಸಿದವನನ್ನೂ ಮಾಡಿದವನನ್ನೂ ಜೋಡಿಸುವ ಕೊಂಡಿ ಎಷ್ಟೋ ಸಲ ಇಂಥ ಒಬ್ಬ ಮಾಫಿ ಸಾಕ್ಷಿಯೇ. ಅದೇ ಹಳೆಯ ಸಂಹಿತೆಯ 306, 307ನೇ ಕಲಮುಗಳು ಇರುವುದೇ ಅದಕ್ಕೆ. ಅಭಿಯೋಜನೆಯ ಅಭಿಪ್ರಾಯ ತಿಳಿಸಿ ಎಂದು ಕೋರ್ಟ್ ಕೇಳಿತು. ಆಗ ಎರಡನೇ ಪಿಪಿಗೆ ವರ್ಗವಾಗಿತ್ತು, ಮೂರನೆಯವರು ಬಂದಿರಲಿಲ್ಲ. ಪ್ರಭಾರ ವಹಿಸಿಕೊಂಡವರು ಸಮಯ ಕೇಳಿದರು. ಮತ್ತೆ ಸಮಯ ಕೇಳಿದರು. ಏಳು ವಾಯಿದೆ. ಆಮೇಲೆ ಕೊರೋನಾ ಬಂತು. ಮೂರನೇ ಪಿಪಿ ಬಂದು ಕಡತ ಓದಿ ಒಪ್ಪಿಗೆ ಎನ್ನುವ ಹೊತ್ತಿಗೆ ಹುಡುಗನಿಗೆ ಜಾಮೀನಾಗಿತ್ತು, ಹೊಸ ವಕೀಲರು ಬಂದಿದ್ದರು. ಆ ವಕೀಲರಿಗೆ ಫೀಸು ಯಾರು ಕೊಡುತ್ತಿದ್ದಾರೆ ಎಂದು ನಾನು ಹೇಳುವಂತಿಲ್ಲ. ಹುಡುಗ ಅರ್ಜಿ ಹಿಂದಕ್ಕೆ ಪಡೆದ. ಕಳೆದ ತಿಂಗಳು ಅವನೂ ಕಟಕಟೆಯಲ್ಲಿ ನಿಂತು "ಗೊತ್ತಿಲ್ಲ" ಎಂದ. ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ.

ಒಬ್ಬ ಮನುಷ್ಯ ಒಳಗಿಂದ ಒಡೆದು ಬಾಗಿಲು ತಟ್ಟಿದ. ಸರ್ಕಾರದ ಕುರ್ಚಿ ಖಾಲಿ ಇತ್ತು. ಆ ಕುರ್ಚಿ ಖಾಲಿ ಬಿಟ್ಟಿದ್ದು ಆರೋಪಿಗಳಲ್ಲ, ಅವರ ವಕೀಲರೂ ಅಲ್ಲ, ನ್ಯಾಯಾಧೀಶರೂ ಅಲ್ಲ. ನೀವು. ನಿಮ್ಮ ಹಿಂದಿದ್ದವರು, ಈಗ ನೀವು. ಈ ಮಾತು ಒರಟಾಯಿತು ಎಂದು ಗೊತ್ತು. ಮೃದುವಾಗಿ ನಾಲ್ಕು ಮನವಿ ಕೊಟ್ಟಿದ್ದೇನೆ, ನಾಲ್ಕಕ್ಕೂ "ಸ್ವೀಕರಿಸಲಾಗಿದೆ" ಎಂಬ ಮುದ್ರೆ ಇದೆ.

ನಿರಾಕರಣೆ ಅಂಟುರೋಗದ ಹಾಗೆ ಹರಡುತ್ತದೆ. ನಲವತ್ತೊಂದರಲ್ಲಿ ಹದಿನೇಳು ಸಾಕ್ಷಿಗಳು ಪ್ರತಿಕೂಲರಾದರು. ಮಹಜರಿಗೆ ಸಹಿ ಹಾಕಿದ ಪಂಚರು ಸಹಿ ತಮ್ಮದೇ, ಆದರೆ ಯಾಕೆ ಹಾಕಿದೆವೋ ತಿಳಿಯದು ಎಂದರು. ಅವರನ್ನು ನಾನು ದೂರುವುದಿಲ್ಲ. ಐದು ವರ್ಷ ಆರೋಪಿಗಳ ಜೊತೆ ಒಂದೇ ಬೀದಿಯಲ್ಲಿ ಬದುಕಿದವರು ಅವರು. ಸಾಕ್ಷಿಗಳ ರಕ್ಷಣಾ ಯೋಜನೆಗೆ ಸುಪ್ರೀಂ ಕೋರ್ಟ್ 2018ರ ಡಿಸೆಂಬರಿನಲ್ಲೇ ಮಾನ್ಯತೆ ಕೊಟ್ಟಿದೆ, ಹಳೆಯದರ ಜಾಗಕ್ಕೆ ಬಂದ ಹೊಸ ಸಂಹಿತೆಯ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 398ನೇ ಕಲಂ ಪ್ರತಿ ರಾಜ್ಯಕ್ಕೂ ಅದನ್ನು ಕಡ್ಡಾಯ ಮಾಡಿದೆ. ಆದರೆ ರಕ್ಷಣೆಗೆ ಅರ್ಜಿ ಹಾಕಬಹುದು ಎಂದು ಆ ಹದಿನೇಳು ಜನರಿಗೆ ಹೇಳಬೇಕಾದವರು ಯಾರು? ಅವರ ಹೆಸರು, ಅವರ ಹೆದರಿಕೆ ಎರಡನ್ನೂ ಬಲ್ಲ ಒಬ್ಬ ಅಭಿಯೋಜಕರು. ಅಂಥವರು ನಮಗೆ ಇರಲಿಲ್ಲ.

ತಡವಾಗುವುದು ನಮಗೊಬ್ಬರಿಗೇ ಅಲ್ಲ ಎಂದು ನೀವು ಹೇಳಬಹುದು. ಹೌದು. ಬೆಂಗಳೂರಿನಲ್ಲಿ 2003ರ ಡಿಸೆಂಬರಿನಲ್ಲಿ, ನಿಶ್ಚಿತಾರ್ಥವಾದ ಕೆಲವೇ ದಿನಕ್ಕೆ ಕೊಲೆಯಾದ ಯುವಕನ ಪ್ರಕರಣದಲ್ಲಿ ಸೆಷನ್ಸ್ ಕೋರ್ಟ್ ಶಿಕ್ಷೆ ವಿಧಿಸಿದ್ದು 2010ರಲ್ಲಿ, ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು 2025ರ ಜುಲೈನಲ್ಲಿ. ಆ ತಂದೆ ತಾಯಿಯ ಇಪ್ಪತ್ತೊಂದು ವರ್ಷವನ್ನು ನೆನೆದರೆ ನನ್ನ ಎದೆ ನಡುಗುತ್ತದೆ. ನನ್ನ ಅಮ್ಮನಿಗೆ ಅಷ್ಟು ವರ್ಷ ಉಳಿದಿಲ್ಲ.

ನಿಮ್ಮ ಕೈಯಲ್ಲಿ ಏನಿದೆ ಎಂದು ನಿಮಗೇ ಗೊತ್ತು. ಹಳೆಯ ಸಂಹಿತೆಯಲ್ಲಿ 24(8)ನೇ ಕಲಂ ಇತ್ತು, ಈಗ ಹೊಸ ಸಂಹಿತೆಯ 18(8) ಇದೆ. ಹತ್ತು ವರ್ಷ ವಕೀಲಿಕೆ ಮಾಡಿದವರನ್ನು ಒಂದು ಪ್ರಕರಣಕ್ಕೆಂದೇ ವಿಶೇಷ ಅಭಿಯೋಜಕರನ್ನಾಗಿ ನೇಮಿಸಲು ಸರ್ಕಾರದ ಒಂದು ಆದೇಶ ಸಾಕು. ಹೆಸರುವಾಸಿಗಳ ಪ್ರಕರಣಗಳಿಗೆ ಆ ಆದೇಶ ಬೇಗ ಬರುವುದನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಸುಪಾರಿ ಕೊಲೆಯನ್ನು ಹೊಸ ಭಾರತೀಯ ನ್ಯಾಯ ಸಂಹಿತೆಯ 111ನೇ ಕಲಂ ಸಂಘಟಿತ ಅಪರಾಧಗಳ ಸಾಲಿಗೇ ಸೇರಿಸಿದೆ. ಅಪರಾಧ ಸಂಘಟಿತ ಎಂದು ಒಪ್ಪಿಕೊಂಡ ಮೇಲೆ ಅಭಿಯೋಜನೆ ಚೆಲ್ಲಾಪಿಲ್ಲಿಯಾಗಿ ಇರುವುದು ಹೇಗೆ ಸರಿ? ಒಬ್ಬರೇ ಅಭಿಯೋಜಕರನ್ನು ಕೊಡಿ. ವರ್ಗಾವಣೆ ಅನಿವಾರ್ಯವಾದರೆ ನಡೆಯುತ್ತಿರುವ ಕೊಲೆ ವಿಚಾರಣೆ ಮುಗಿಯುವವರೆಗೆ ಅವರನ್ನು ಆ ಪ್ರಕರಣದಲ್ಲಿ ಮುಂದುವರಿಸಿ. ಎಲ್ಲ ಪ್ರಕರಣಗಳಿಗೂ ಆಗದಿದ್ದರೆ ಸುಪಾರಿ ಕೊಲೆಗಳಿಗಾದರೂ ಮಾಡಿ. ಅದೂ ಆಗದಿದ್ದರೆ, ಅಂತಿಮ ವಾದಕ್ಕೆ ಬಂದು ನಿಂತಿರುವವುಗಳಿಗಾದರೂ.

ಈ ಎಂಟು ವರ್ಷದಲ್ಲಿ ನನ್ನ ಸಿಎಲ್ಲುಗಳೆಲ್ಲ ಕೋರ್ಟಿಗೇ ಹೋದವು. ಪ್ರತಿ ಹೊಸ ಪಿಪಿಗೂ ನಾನೇ ಮೊದಲಿನಿಂದ ಕಥೆ ಹೇಳಿದ್ದೇನೆ: ತಮ್ಮ ಯಾರು, ಪಾಲುದಾರಿಕೆಯಲ್ಲಿ ಏನು ಜಗಳ, ಶವ ಎಲ್ಲಿ ಸಿಕ್ಕಿತು, ಮೈಮೇಲೆ ಎಷ್ಟು ಗಾಯವಿತ್ತು. ಐದು ಸಲ. ಅವರಲ್ಲಿ ಇಬ್ಬರು ತುಂಬಾ ಒಳ್ಳೆಯವರು, ರಾತ್ರಿ ಕೂತು ಕಡತ ಓದಿದವರು. ಅವರನ್ನೂ ನೀವು ಉಳಿಸಲಿಲ್ಲ.

ಮುಂದಿನ ವಾಯಿದೆ ಬರುವ ತಿಂಗಳು 9ಕ್ಕೆ, ಅಂತಿಮ ವಾದ. ಆರೋಪಿಗಳ ಪರ ಮೊದಲ ದಿನದಿಂದ ಇರುವ ಹಿರಿಯ ವಕೀಲರು ಅವತ್ತೂ ಇರುತ್ತಾರೆ, ಒಂದು ವಾಯಿದೆಯನ್ನೂ ಅವರು ತಪ್ಪಿಸಿದವರಲ್ಲ. ನಮ್ಮ ಕಡೆ ಯಾರಿರುತ್ತಾರೆ ಎಂದು ಅಮ್ಮ ದಿನಾ ಕೇಳುತ್ತಾರೆ. ಹೊಸಬರು ಬಂದರೆ ಹೇಳೋದಕ್ಕೆ ಎಂದು ಗಾಯಗಳ ಲೆಕ್ಕವನ್ನು ತಾವೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದಾರೆ. ಒಂಬತ್ತನೇ ತಾರೀಖಿನೊಳಗೆ ಆದೇಶ ಹೊರಡಿಸಿ. ಆ ಚೀಟಿಯನ್ನು ಅಮ್ಮ ಆರನೆಯವರ ಮುಂದೆ ಓದುವ ಹಾಗೆ ಮಾಡಬೇಡಿ.

ಇತಿ,
ಕೊಲೆಯಾದವನ ಅಕ್ಕ